ದೆಹಲಿ–ವಾಷಿಂಗ್ಟನ್ ವಿಶ್ವಶಾಂತಿ ಪಾದಯಾತ್ರೆ

ದೆಹಲಿ–ವಾಷಿಂಗ್ಟನ್ ವಿಶ್ವಶಾಂತಿ ಪಾದಯಾತ್ರೆಯು ಸತೀಶ್ ಕುಮಾರ್ ಮತ್ತು ಇ. ಪಿ. ಮೆನನ್ (ಪ್ರಭಾಕರ ಮೆನನ್) ಎಂಬ ಇಬ್ಬರು ಸರ್ವೋದಯ ಕಾರ್ಯಕರ್ತರು 1962ರಿಂದ 1964ರವರೆಗೆ, ಕೈಯಲ್ಲಿ ಒಂದು ಕಾಸನ್ನೂ ಇಟ್ಟುಕೊಳ್ಳದೆ ಕೈಗೊಂಡ ದೀರ್ಘ ಪ್ರಯಾಣ. ಅಂದು ಅಣ್ವಸ್ತ್ರಗಳನ್ನು ಹೊಂದಿದ್ದ ನಾಲ್ಕು ರಾಷ್ಟ್ರಗಳ ರಾಜಧಾನಿಗಳಾದ ಮಾಸ್ಕೋ, ಪ್ಯಾರಿಸ್, ಲಂಡನ್ ಮತ್ತು ವಾಷಿಂಗ್ಟನ್‌ಗಳನ್ನು ತಲುಪಿ ನಿಶ್ಶಸ್ತ್ರೀಕರಣದ ಬೇಡಿಕೆಯನ್ನು ಮುಂದಿಡುವುದು ಇದರ ಉದ್ದೇಶವಾಗಿತ್ತು. ಇವರು ನಡೆದ ದಾರಿ ಸುಮಾರು 8,000 ಮೈಲಿ, ಅಂದರೆ 12,800 ಕಿಲೋಮೀಟರುಗಳಿಗೂ ಹೆಚ್ಚು. ಯಾತ್ರೆ ಔಪಚಾರಿಕವಾಗಿ ಆರಂಭವಾದುದು ದೆಹಲಿಯ ರಾಜಘಾಟ್‌ನಿಂದ. ಆದರೆ ಅದರ ಆಲೋಚನೆ ಮೊಳೆತದ್ದು ಬೆಂಗಳೂರಿನ ಒಂದು ಕಾಫಿ ಹೋಟೆಲಿನಲ್ಲಿ. ಈ ಸಂಗತಿ ಬೆಂಗಳೂರಿನಲ್ಲೇ ಅನೇಕರಿಗೆ ತಿಳಿದಿಲ್ಲ.

ಕಡಿಮೆ ಖರ್ಚಿನಲ್ಲಿ ದೇಶ ಸುತ್ತಿದವರ ಕಥೆಗಳು ಕನ್ನಡದಲ್ಲಿ ಬಹಳಷ್ಟಿವೆ. ಇದು ಕಡಿಮೆ ಖರ್ಚಿನದಲ್ಲ, ಖರ್ಚೇ ಇಲ್ಲದ ಪ್ರವಾಸ. ಹಣವಿಲ್ಲದಿರುವುದು ಇಲ್ಲಿ ಬಡತನದ ಫಲವೂ ಅಲ್ಲ, ಮಿತವ್ಯಯದ ಉಪಾಯವೂ ಅಲ್ಲ. ಅದು ಯಾತ್ರೆಯ ವಿಧಾನವೇ ಆಗಿತ್ತು. ಈ ಭೇದವನ್ನು ಗಮನಿಸದಿದ್ದರೆ ಇಡೀ ಪ್ರಸಂಗವು ಬರಿಯ ಸಾಹಸವಾಗಿ ಕಂಡೀತು.

ಹೇರೋಹಳ್ಳಿ ಮತ್ತು ವಿಶ್ವನೀಡಂ

ಬೆಂಗಳೂರಿನ ಪಶ್ಚಿಮ ಭಾಗದಲ್ಲಿ ಮಾಗಡಿ ರಸ್ತೆಯ ಆಸುಪಾಸಿನಲ್ಲಿರುವ ಹೇರೋಹಳ್ಳಿ, ಸುಂಕದಕಟ್ಟೆ ಮೊದಲಾದ ಬಡಾವಣೆಗಳ ನಿವಾಸಿಗಳು ತಮ್ಮ ವಿಳಾಸದ ಕೊನೆಯಲ್ಲಿ 'ವಿಶ್ವನೀಡಂ ಅಂಚೆ, ಬೆಂಗಳೂರು 560091' ಎಂದು ಬರೆಯುತ್ತಾರೆ. ಕನ್ನಡದ ಕಿವಿಗೆ 'ನೀಡು' ಎಂದರೆ ಕೊಡು. ಆದರೆ ಇಲ್ಲಿರುವುದು ಸಂಸ್ಕೃತದ 'ನೀಡ', ಅದರ ಅರ್ಥ ಹಕ್ಕಿಯ ಗೂಡು. ವಿಶ್ವವೆಲ್ಲವೂ ಒಂದೇ ಗೂಡಾಗುವ ಸ್ಥಳ ಎಂಬುದು ವೇದಕಾಲದಷ್ಟು ಹಳೆಯ ಕಲ್ಪನೆ. ಆಚಾರ್ಯ ವಿನೋಬಾ ಭಾವೆಯವರ ಸರ್ವೋದಯ ಚಳವಳಿಯೊಡನೆ ಬೆಂಗಳೂರಿನ ಹೊರವಲಯದಲ್ಲಿ ಕಾಣಿಸಿಕೊಂಡ ಆಶ್ರಮಕ್ಕೆ ಈ ಹೆಸರನ್ನು ಇಡಲಾಗಿತ್ತು. ಇಂದು ಮನೆಗಳು ಒತ್ತೊತ್ತಾಗಿ ಎದ್ದು, ಹೊಲಗದ್ದೆಗಳು ಕಣ್ಮರೆಯಾಗಿ, ಆ ಹೆಸರು ಅಂಚೆಯ ಮುದ್ರೆಯಲ್ಲಿ ಮಾತ್ರ ದಿನನಿತ್ಯ ಬಳಕೆಯಲ್ಲಿ ಉಳಿದಿದೆ. ನೆರೆಯ ಸುಂಕದಕಟ್ಟೆಯ ಹೆಸರು, ಹಿಂದೆ ದಾರಿಹೋಕರಿಂದ ಸುಂಕ ವಸೂಲು ಮಾಡುತ್ತಿದ್ದ ಕಟ್ಟೆಯನ್ನು ನೆನಪಿಸುತ್ತದೆ. ಸುಂಕ ತೆರಲು ಕಾಸಿಲ್ಲದೆ ಅರ್ಧ ಭೂಗೋಳ ನಡೆದವರ ನೆನಪು ಇಂಥ ಊರಿನ ಪಕ್ಕದಲ್ಲೇ ಇರುವುದು ಕಾಕತಾಳೀಯ.

ವಿನೋಬಾ ಅವರಿಗೂ ಕರ್ನಾಟಕಕ್ಕೂ ಇದ್ದ ಸಂಬಂಧ ಗಾಢವಾದುದು. 1951ರ ಏಪ್ರಿಲ್ 18ರಂದು ತೆಲಂಗಾಣದ ಪೋಚಂಪಳ್ಳಿಯಲ್ಲಿ ಆರಂಭವಾದ ಭೂದಾನ ಚಳವಳಿಯ ಪಾದಯಾತ್ರೆಯು 1957ರಲ್ಲಿ ಅಂದಿನ ಮೈಸೂರು ರಾಜ್ಯವನ್ನು ಪ್ರವೇಶಿಸಿತು. ಆ ವರ್ಷದ ಸೆಪ್ಟೆಂಬರಿನಲ್ಲಿ ಮೈಸೂರಿನ ಬಳಿಯ ಯಲವಾಲದಲ್ಲಿ ಗ್ರಾಮದಾನದ ಬಗೆಗೆ ನಡೆದ ಸಮ್ಮೇಳನದಲ್ಲಿ ಪ್ರಧಾನಿ ಜವಾಹರಲಾಲ್ ನೆಹರೂ ಸೇರಿದಂತೆ ಹಲವು ಪಕ್ಷಗಳ ನಾಯಕರು ಪಾಲ್ಗೊಂಡಿದ್ದರು. ದೇಶದ ಎಲ್ಲೆಯನ್ನು ಮೀರಿದ 'ಜೈ ಜಗತ್' ಎಂಬ ಘೋಷಣೆಯನ್ನು ವಿನೋಬಾ ರೂಢಿಗೆ ತಂದರು. ಅವರು ಸ್ಥಾಪಿಸಿದ ಆರು ಆಶ್ರಮಗಳಲ್ಲಿ ಒಂದಾದ ವಲ್ಲಭ ನಿಕೇತನವು ಬೆಂಗಳೂರಿನ ಕುಮಾರ ಪಾರ್ಕ್ ಪ್ರದೇಶದಲ್ಲಿದೆ. 1960ರ ಆಸುಪಾಸಿನಲ್ಲಿ ದೇಶದ ನಾನಾ ಭಾಗಗಳ ತರುಣರು ಸರ್ವೋದಯದ ಕೆಲಸಕ್ಕಾಗಿ ಬೆಂಗಳೂರಿಗೆ ಬಂದು ಹೋಗುತ್ತಿದ್ದರು. ರಾಜಸ್ಥಾನದ ಸತೀಶ್ ಕುಮಾರ್ ಮತ್ತು ಕೇರಳದ ಮೆನನ್ ಸ್ನೇಹಿತರಾದುದು ಈ ವಲಯದಲ್ಲಿಯೇ.

ಯಾತ್ರಿಕನ ಪೂರ್ವಾಶ್ರಮ

ಸತೀಶ್ ಕುಮಾರ್ 1936ರ ಆಗಸ್ಟ್ 9ರಂದು ರಾಜಸ್ಥಾನದ ಶ್ರೀ ಡೂಂಗರಗಢದಲ್ಲಿ ಜನಿಸಿದರು. ನಾಲ್ಕು ವರ್ಷದ ಬಾಲಕನಾಗಿದ್ದಾಗ ತಂದೆ ತೀರಿಕೊಂಡರು. ಸಾವಿನ ಪ್ರಶ್ನೆ ಮಗುವನ್ನು ಬಿಡದೆ ಕಾಡಿತು. ಒಂಬತ್ತನೆಯ ವಯಸ್ಸಿನಲ್ಲಿ ಜೈನ ಮುನಿದೀಕ್ಷೆ ಪಡೆದು, ಮುಂದಿನ ಒಂಬತ್ತು ವರ್ಷಗಳನ್ನು ಬರಿಗಾಲಿನಲ್ಲಿ ಊರಿಂದೂರಿಗೆ ನಡೆಯುತ್ತ ಕಳೆದರು. ಹದಿನೆಂಟರಲ್ಲಿ ಗಾಂಧೀಜಿಯವರ ಬರಹ ಓದಿ, ಲೋಕವನ್ನು ಬಿಟ್ಟುಹೋಗುವುದಲ್ಲ, ಲೋಕದೊಳಗೇ ಇದ್ದು ಧರ್ಮವನ್ನು ಆಚರಿಸಬೇಕೆಂಬ ನಿಲುವಿಗೆ ಬಂದು ಮುನಿವ್ರತವನ್ನು ತೊರೆದು ವಿನೋಬಾ ಅವರ ಬಳಗವನ್ನು ಸೇರಿದರು.

ಮುಂದೆ ನಡೆದುದನ್ನು ಅರ್ಥಮಾಡಿಕೊಳ್ಳಲು ಈ ಒಂಬತ್ತು ವರ್ಷಗಳನ್ನು ಮರೆಯಬಾರದು. ಜೈನ ಮುನಿಗಳು ವಾಹನವನ್ನೇರುವುದಿಲ್ಲ, ಹಣವನ್ನು ಮುಟ್ಟುವುದಿಲ್ಲ. ಶ್ವೇತಾಂಬರ ಪದ್ಧತಿಯಲ್ಲಿ ಮುನಿಗಳ ಭಿಕ್ಷೆಗೆ 'ಗೋಚರಿ' ಎಂದು ಹೆಸರು. ಹಸುವು ಹುಲ್ಲನ್ನು ಬೇರುಸಹಿತ ಕೀಳದೆ ಅಲ್ಲಷ್ಟು ಇಲ್ಲಷ್ಟು ಮೇಯುವಂತೆ, ಯಾವ ಮನೆಗೂ ಹೊರೆಯಾಗದಷ್ಟು ಅನ್ನವನ್ನು ಹಲವು ಮನೆಗಳಿಂದ ಸ್ವೀಕರಿಸಬೇಕು. ಮಹಾಮಸ್ತಕಾಭಿಷೇಕದ ವರ್ಷಗಳಲ್ಲಿ ಶ್ರವಣಬೆಳಗೊಳದ ಹಾದಿಯಲ್ಲಿ ಲಾರಿ ಬಸ್ಸುಗಳ ಪಕ್ಕದಲ್ಲೇ ದಿಗಂಬರ ಮುನಿಗಳು ನಡೆದುಹೋಗುವ ದೃಶ್ಯವನ್ನು ಕಂಡ ಕನ್ನಡಿಗರಿಗೆ, ಹಣವಿಲ್ಲದೆ ನೂರಾರು ಮೈಲಿ ನಡೆಯುವುದು ಅಸಾಧ್ಯವೆಂದು ತೋರಲಾರದು. ಸತೀಶ್ ಕುಮಾರ್ ಅವರಿಗೆ ಅದು ಬಾಲ್ಯದಲ್ಲೇ ಒಗ್ಗಿದ ಅಭ್ಯಾಸ. ಹೊಸದಾಗಿದ್ದುದು, ಆ ಅಭ್ಯಾಸವನ್ನು ಅದರ ಅರ್ಥವೇ ತಿಳಿಯದ ನಾಡುಗಳಿಗೆ ಒಯ್ಯುವ ಧೈರ್ಯ. ಮೆನನ್ ಅವರಿಗಾದರೋ ಆ ಅಭ್ಯಾಸದ ಹಿನ್ನೆಲೆಯೂ ಇರಲಿಲ್ಲ. ಆ ಮಟ್ಟಿಗೆ ಅವರ ಸಂಕಲ್ಪ ಇನ್ನೂ ಕಠಿಣವಾದುದೆಂದೇ ಹೇಳಬೇಕು. ಆದರೂ ಜನಪ್ರಿಯ ನಿರೂಪಣೆಗಳಲ್ಲಿ ಅವರ ಹೆಸರು ಎರಡನೆಯದಾಗಿ, ಕೆಲವೊಮ್ಮೆ 'ಒಬ್ಬ ಗೆಳೆಯ' ಎಂದಷ್ಟೇ ಬರುತ್ತದೆ.

ಕಾಫಿ ಹೋಟೆಲಿನಲ್ಲಿ ಓದಿದ ಸುದ್ದಿ

ಬ್ರಿಟನ್ನಿನ ತತ್ತ್ವಜ್ಞಾನಿ ಬರ್ಟ್ರಂಡ್ ರಸೆಲ್ ಅಣ್ವಸ್ತ್ರಗಳ ವಿರುದ್ಧ ಶಾಸನಭಂಗ ಚಳವಳಿಯನ್ನು ನಡೆಸುತ್ತಿದ್ದರು. 1961ರ ಸೆಪ್ಟೆಂಬರಿನಲ್ಲಿ ಅವರಿಗೆ ಎರಡು ತಿಂಗಳ ಸೆರೆವಾಸವನ್ನು ವಿಧಿಸಿ, ಆರೋಗ್ಯದ ಕಾರಣದಿಂದ ಅದನ್ನು ಒಂದು ವಾರಕ್ಕೆ ಇಳಿಸಲಾಯಿತು. ರಸೆಲ್ ಹುಟ್ಟಿದ್ದು 1872ರ ಮೇ 18ರಂದು, ಆದ್ದರಿಂದ ಆಗ ಅವರ ವಯಸ್ಸು 89. (ತೊಂಬತ್ತು ಎಂದು ಹೇಳುವ ರೂಢಿಯುಂಟು.) ಬೆಂಗಳೂರಿನ ಹೋಟೆಲೊಂದರಲ್ಲಿ ಕಾಫಿ ಕುಡಿಯುತ್ತ ಕುಳಿತಿದ್ದ ಇಬ್ಬರು ಗೆಳೆಯರು ಪತ್ರಿಕೆಯಲ್ಲಿ ಈ ಸುದ್ದಿಯನ್ನು ಓದಿದರು. ಆ ವಯಸ್ಸಿನ ವೃದ್ಧರೊಬ್ಬರು ಲೋಕದ ಶಾಂತಿಗಾಗಿ ಸೆರೆಮನೆಗೆ ಹೋಗುತ್ತಿರುವಾಗ, ಇಪ್ಪತ್ತೈದರ ಹರೆಯದ ತಾವು ಕಾಫಿ ಹೀರುತ್ತ ಕುಳಿತಿರುವುದೇನು ಎಂಬ ನಾಚಿಕೆಯಿಂದ ಮಾತು ಮೊದಲಾಯಿತು. ಅದು ಮುಗಿದದ್ದು ನಾಲ್ಕು ರಾಜಧಾನಿಗಳಿಗೆ ನಡೆದೇ ಹೋಗುವ ನಿರ್ಧಾರದಲ್ಲಿ.

ನಾಲ್ಕೇ ಏಕೆ ಎಂಬುದಕ್ಕೆ ಇತಿಹಾಸವೇ ಉತ್ತರ. ಅಮೆರಿಕ 1945ರಲ್ಲಿ, ಸೋವಿಯತ್ ಒಕ್ಕೂಟ 1949ರಲ್ಲಿ, ಬ್ರಿಟನ್ 1952ರಲ್ಲಿ, ಫ್ರಾನ್ಸ್ 1960ರಲ್ಲಿ ಅಣುಬಾಂಬನ್ನು ಸ್ಫೋಟಿಸಿದ್ದವು. ಚೀನಾದ ಮೊದಲ ಪರೀಕ್ಷೆ ನಡೆದುದು 1964ರ ಅಕ್ಟೋಬರಿನಲ್ಲಿ, ಈ ಪಾದಯಾತ್ರಿಗಳು ವಾಷಿಂಗ್ಟನ್ ಮುಟ್ಟಿದ ಬಳಿಕ. ಭಾರತ ತಾನೇ ಆ ಪಟ್ಟಿಗೆ ಸೇರುವ ಹಾದಿಯಲ್ಲಿ ಮೊದಲ ಪರೀಕ್ಷೆ ನಡೆಸಿದ್ದು 1974ರ ಮೇ ತಿಂಗಳಿನಲ್ಲಿ, ರಾಜಸ್ಥಾನದ ಪೋಖರಣ್‌ನಲ್ಲಿ. ಸತೀಶ್ ಕುಮಾರ್ ಹುಟ್ಟಿದ ರಾಜ್ಯವೂ ರಾಜಸ್ಥಾನವೇ.

ಇಂಥ ನಡಿಗೆಗಳು ಆ ಕಾಲಕ್ಕೆ ತೀರ ಅಪರೂಪವೇನಲ್ಲ. 1960ರ ಡಿಸೆಂಬರಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಿಂದ ಹೊರಟ ಶಾಂತಿವಾದಿಗಳ ತಂಡವು 1961ರ ಅಕ್ಟೋಬರಿನಲ್ಲಿ ಮಾಸ್ಕೋ ತಲುಪಿತ್ತು. 'ಪೀಸ್ ಪಿಲ್ಗ್ರಿಮ್' ಎಂದೇ ಹೆಸರಾದ ಅಮೆರಿಕದ ಮಹಿಳೆಯೊಬ್ಬರು 1953ರಿಂದ 1981ರಲ್ಲಿ ತೀರಿಕೊಳ್ಳುವವರೆಗೂ ಹಣವಿಲ್ಲದೆ ತಮ್ಮ ದೇಶದುದ್ದಕ್ಕೂ ನಡೆದರು. ಈ ಎರಡೂ ಗುಣಗಳು, ಅಂದರೆ ಹಲವು ದೇಶಗಳ ಗಡಿ ದಾಟುವುದು ಮತ್ತು ಹಣ ಮುಟ್ಟದಿರುವುದು, ಒಂದಾಗಿ ಕೂಡಿದುದು ಈ ಯಾತ್ರೆಯ ವೈಶಿಷ್ಟ್ಯ.

ವಿನೋಬಾ ಕೊಟ್ಟ ಎರಡು ಕಾಣಿಕೆಗಳು

ಹೊರಡುವ ಮುನ್ನ ಇಬ್ಬರೂ ವಿನೋಬಾ ಅವರ ಆಶೀರ್ವಾದವನ್ನು ಬೇಡಿದರು. ವಿನೋಬಾ ಎರಡು 'ಆಯುಧ'ಗಳನ್ನು ಕೊಟ್ಟರು: ಹೋದಲ್ಲೆಲ್ಲ ಸಸ್ಯಾಹಾರಿಗಳಾಗಿಯೇ ಇರಬೇಕು, ಕೈಯಲ್ಲಿ ಹಣವನ್ನು ಇಟ್ಟುಕೊಳ್ಳಬಾರದು.

ಮೊದಲನೆಯದು ತಕ್ಕಮಟ್ಟಿಗೆ ಅರ್ಥವಾಗುತ್ತದೆ. ಊಟಕ್ಕೆ ಕುಳಿತಾಗ ಮಾಂಸವನ್ನು ಏಕೆ ಬೇಡವೆನ್ನುತ್ತೀರಿ ಎಂಬ ಪ್ರಶ್ನೆ ಬಂದೇ ಬರುತ್ತದೆ, ಅಹಿಂಸೆಯ ಮಾತು ತಾನಾಗಿ ಹೊರಡುತ್ತದೆ. ಎರಡನೆಯದು ಮೊದಲಿಗೆ ಯಾರಿಗೂ ತಿಳಿಯುವಂಥದಲ್ಲ. ಅದರ ತರ್ಕ ಹೀಗಿದೆ. ದಿನವೆಲ್ಲ ನಡೆದು ದಣಿದ ಪ್ರಯಾಣಿಕನ ಕಿಸೆಯಲ್ಲಿ ಹಣವಿದ್ದರೆ ಅವನು ಹೋಟೆಲೊಂದರಲ್ಲಿ ಉಂಡು, ವಸತಿಗೃಹದಲ್ಲಿ ಮಲಗಿ, ಬೆಳಿಗ್ಗೆ ಎದ್ದು ಹೊರಟುಬಿಡುತ್ತಾನೆ. ಆ ಊರಿನ ಒಬ್ಬರೊಡನೆಯೂ ಅವನು ಮನಬಿಚ್ಚಿ ಮಾತನಾಡಬೇಕಾಗಿಲ್ಲ. ಹಣವಿಲ್ಲದಿದ್ದರೆ ಸಂಜೆಯಾಗುತ್ತಲೇ ಯಾರದಾದರೂ ಮನೆಯ ಬಾಗಿಲು ತಟ್ಟಲೇಬೇಕು. ತಾನು ಯಾರು, ಎಲ್ಲಿಂದ ಬಂದೆ, ಏಕೆ ನಡೆಯುತ್ತಿದ್ದೇನೆ ಎಂದು ಹೇಳಲೇಬೇಕು. ಶಾಂತಿಯ ಮಾತನ್ನು ಪ್ರಚಾರ ಮಾಡಲು ಸಭೆಗಳನ್ನೇ ಏರ್ಪಡಿಸಬೇಕಾಗಿಲ್ಲ, ಪ್ರತಿ ರಾತ್ರಿಯ ಊಟವೇ ಸಭೆ.

ಕನ್ನಡ ನಾಡಿನ ಹಿರಿಯರಿಗೆ ಇದು ಅಪರಿಚಿತ ವಿಚಾರವಲ್ಲ. ಜಂಗಮರ ಜೋಳಿಗೆ, ಕೋರಾನ್ನ ಭಿಕ್ಷೆ, ಹರಿದಾಸರ ಗೋಪಾಳ ಬುಟ್ಟಿ, ಇವೆಲ್ಲವೂ ಭಕ್ತನ ಮನೆಯ ಬಾಗಿಲಿಗೆ ವಿಚಾರವನ್ನು ಒಯ್ಯುವ ಸಾಧನಗಳೂ ಆಗಿದ್ದವು. ಸ್ಥಾವರಕ್ಕಿಂತ ಜಂಗಮ ಮೇಲೆಂದ ಬಸವಣ್ಣನವರ ನಾಡಿದು. ಇನ್ನು ವಾರಾನ್ನವಂತೂ ಶಿಕ್ಷಣದ ಇತಿಹಾಸದ ಭಾಗವೇ ಆಗಿದೆ. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ ಎಂದು ಉಂಡು ಓದಿದ ಬಡ ವಿದ್ಯಾರ್ಥಿಗಳು ಮುಂದೆ ಈ ರಾಜ್ಯದ ಶಾಲೆಗಳಲ್ಲಿ ಪಾಠ ಹೇಳಿದ್ದಾರೆ, ಕಚೇರಿಗಳನ್ನು ನಡೆಸಿದ್ದಾರೆ. ವಾರಾನ್ನದ ಹುಡುಗನಿಗೆ ಊರಿನ ಏಳು ಮನೆಗಳ ಕಷ್ಟಸುಖವೂ ತಿಳಿದಿರುತ್ತಿತ್ತು. ಹಾಸ್ಟೆಲಿನ ಹುಡುಗನಿಗೆ ತಿಳಿದಿರಲಿಲ್ಲ. ಆ ವ್ಯವಸ್ಥೆಯಲ್ಲಿ ಜಾತಿಯ ಕಟ್ಟು ಬಿಗಿಯಾಗಿತ್ತು ಎಂಬುದನ್ನೂ ಮರೆಯುವಂತಿಲ್ಲ. ಸ್ವಜಾತಿಯ ಹೊಸ್ತಿಲನ್ನು ಅದು ದಾಟಿದ್ದು ಕಡಿಮೆ. ವಿನೋಬಾ ಹಾಕಿದ ನಿಬಂಧನೆಯಲ್ಲಿ ಅಂಥ ಯಾವ ಹೊಸ್ತಿಲೂ ಇರಲಿಲ್ಲ.

ವಾಘಾ ಗಡಿಯ ಬುತ್ತಿ

1962ರ ಜೂನ್ 1ರಂದು ರಾಜಘಾಟ್‌ನ ಗಾಂಧಿ ಸಮಾಧಿಯಿಂದ ಯಾತ್ರೆ ಹೊರಟಿತು. ಪಾಕಿಸ್ತಾನದ ಗಡಿಯವರೆಗಿನ ದಾರಿ ಸ್ವದೇಶದ್ದು. ಅಲ್ಲಿ ಸರ್ವೋದಯದ ಸ್ನೇಹಿತರು ಇದ್ದರು. ನಿಜವಾದ ಪರೀಕ್ಷೆ ಎದುರಾದುದು ಗಡಿಯಲ್ಲಿ.

ಬೀಳ್ಕೊಡಲು ಬಂದ ಆಪ್ತರೊಬ್ಬರು ಊಟದ ಪೊಟ್ಟಣಗಳನ್ನು ಮುಂದಿಟ್ಟರು. ದೇಶವಿಭಜನೆಯಾಗಿ ಆಗ ಹದಿನೈದು ವರ್ಷಗಳಷ್ಟೇ. ಕಾಶ್ಮೀರದ ಯುದ್ಧದ ನೆನಪೂ ಹಸಿಯಾಗಿತ್ತು. ಪಾಕಿಸ್ತಾನದಲ್ಲಿ ಭಾರತೀಯರಿಗೆ ಯಾರು ಅನ್ನ ಕೊಟ್ಟಾರು, ಇದನ್ನಾದರೂ ಇಟ್ಟುಕೊಳ್ಳಿ ಎಂಬುದು ಅವರ ಕಳಕಳಿ. ದೂರ ಹೊರಟವರ ಕೈಗೆ ಬುತ್ತಿ ಕಟ್ಟಿಕೊಡುವುದು ನಮ್ಮಲ್ಲಿ ಪ್ರೀತಿಯ ಮೊದಲ ಲಕ್ಷಣ, ಬೇಡವೆಂದರೆ ಅವಮಾನ ಮಾಡಿದಂತೆಯೇ. ಆದರೂ ಸತೀಶ್ ಕುಮಾರ್ ಅದನ್ನು ಸ್ವೀಕರಿಸಲಿಲ್ಲ. ಈ ಪೊಟ್ಟಣಗಳಲ್ಲಿರುವುದು ಅನ್ನವಲ್ಲ, ಅಪನಂಬಿಕೆ ಎಂಬುದು ಅವರ ವಾದ. ಅವನ್ನು ಒಯ್ದರೆ ಪಾಕಿಸ್ತಾನದ ಆತಿಥೇಯರಿಗೆ, ನೀವು ಉಣಬಡಿಸುವಿರೆಂಬ ನಂಬಿಕೆ ನಮಗಿರಲಿಲ್ಲ ಎಂದು ಹೇಳಿದಂತಾಗುವುದಲ್ಲವೇ? ಆಪ್ತರ ಕಣ್ಣಲ್ಲಿ ನೀರಿತ್ತೆಂದು ಅವರು ಅನೇಕ ಸಲ ನೆನೆದಿದ್ದಾರೆ.

ಗಡಿಯಾಚೆ ನಡೆದುದು ಯಾರೂ ಎಣಿಸದ ಸಂಗತಿ. ಇವರ ಯಾತ್ರೆಯ ವಿಷಯವನ್ನು ಮೊದಲೇ ತಿಳಿದಿದ್ದ ಅಪರಿಚಿತರೊಬ್ಬರು ಇವರನ್ನು ಗುರುತಿಸಿ ಲಾಹೋರಿನ ತಮ್ಮ ಮನೆಗೆ ಆಹ್ವಾನಿಸಿದರು. ವಾಹನದಲ್ಲಿ ಕರೆದೊಯ್ಯುವ ಅವರ ಇಚ್ಛೆಯನ್ನು ಯಾತ್ರಿಕರು ವಿನಯದಿಂದ ನಿರಾಕರಿಸಿ ನಡೆದೇ ಬಂದರು. ಈ ಅನುಭವದಿಂದ ಸತೀಶ್ ಕುಮಾರ್ ಒಂದು ವಿಚಾರವನ್ನು ಕಂಡುಕೊಂಡರು: ಭಾರತೀಯನಾಗಿ ಹೋದವನಿಗೆ ಎದುರಾಗುವವನು ಪಾಕಿಸ್ತಾನಿ, ಹಿಂದುವಾಗಿ ಹೋದವನಿಗೆ ಎದುರಾಗುವವನು ಮುಸ್ಲಿಮ, ಮನುಷ್ಯನಾಗಿ ಹೋದವನಿಗೆ ಎದುರಾಗುವವನು ಮನುಷ್ಯ. ಮುಂದಿನ ಐವತ್ತು ವರ್ಷಗಳ ಅವರ ಬರಹ ಭಾಷಣಗಳಲ್ಲಿ ಈ ಮಾತು ಮತ್ತೆ ಮತ್ತೆ ಬರುತ್ತದೆ.

ಖೈಬರ್ ಕಣಿವೆಯಿಂದ ಮಾಸ್ಕೋಗೆ

ಖೈಬರ್ ಕಣಿವೆಯ ಮೂಲಕ ಅಫ್ಘಾನಿಸ್ತಾನವನ್ನು ಪ್ರವೇಶಿಸಿ, ಇರಾನ್ ದಾಟಿ, ಅರ್ಮೇನಿಯಾ ಮತ್ತು ಜಾರ್ಜಿಯಾಗಳ ಹಾದಿಯಾಗಿ ಕಾಕಸಸ್ ಪರ್ವತಪ್ರದೇಶವನ್ನು ಹಾದು ಇಬ್ಬರೂ ರಷ್ಯಾವನ್ನು ಸೇರಿದರು. ಪಠಾಣರಲ್ಲಿ ಅತಿಥಿ ಸತ್ಕಾರವು 'ಮೆಲ್ಮಸ್ತಿಯಾ' ಎಂಬ ಹೆಸರಿನ ಕುಲಧರ್ಮ. ಬಂದವನು ಶತ್ರುವಾದರೂ ಅವನಿಗೆ ಅನ್ನ, ಆಶ್ರಯ ಕೊಡಬೇಕೆಂಬುದು ಅದರ ಕಟ್ಟಳೆ. ಮರುಭೂಮಿ, ಬೆಟ್ಟ, ಹಿಮ, ತಿಳಿಯದ ಭಾಷೆಗಳು, ಇವುಗಳ ನಡುವೆ ಒಬ್ಬರಲ್ಲ ಒಬ್ಬರು ಬಾಗಿಲು ತೆರೆದರು. ತೆರೆಯದ ರಾತ್ರಿಗಳೂ ಇರಬಹುದೆಂದು ಅವರು ಮೊದಲೇ ಸಿದ್ಧರಾಗಿದ್ದರು. ಆಶ್ರಯ ಸಿಗದಿದ್ದರೆ ನಕ್ಷತ್ರಗಳ ಕೆಳಗೆ ಮಲಗುವ ಅವಕಾಶ, ಅನ್ನ ಸಿಗದಿದ್ದರೆ ಉಪವಾಸದ ಅವಕಾಶ ಎಂದು ಭಾವಿಸುತ್ತಿದ್ದರಂತೆ. ಜೈನ ಮುನಿಯಾಗಿದ್ದವನ ಮಾತಿದು.

ಇವರು ದಾರಿಯಲ್ಲಿದ್ದ ಆ ಅಕ್ಟೋಬರ್ ತಿಂಗಳು ಇಪ್ಪತ್ತನೆಯ ಶತಮಾನದ ಅತ್ಯಂತ ಆತಂಕದ ತಿಂಗಳುಗಳಲ್ಲೊಂದು. ಕ್ಯೂಬಾದಲ್ಲಿ ಸೋವಿಯತ್ ಕ್ಷಿಪಣಿಗಳನ್ನು ಸ್ಥಾಪಿಸಿದ ವಿಚಾರದಲ್ಲಿ ಅಮೆರಿಕ ಮತ್ತು ಸೋವಿಯತ್ ಒಕ್ಕೂಟಗಳು ಅಣುಯುದ್ಧದ ಅಂಚಿಗೆ ಬಂದು ನಿಂತದ್ದು 1962ರ ಅಕ್ಟೋಬರಿನಲ್ಲಿ. ಅದೇ ತಿಂಗಳ 20ರಂದು ಭಾರತ–ಚೀನಾ ಯುದ್ಧವೂ ಆರಂಭವಾಯಿತು. ಪರರಾಷ್ಟ್ರಗಳಿಗೆ ಶಾಂತಿ ಬೋಧಿಸಲು ಹೊರಟವರ ಸ್ವದೇಶವೇ ಯುದ್ಧದಲ್ಲಿತ್ತು. ಸರ್ವೋದಯದವರು ಈ ಪ್ರಶ್ನೆಯಿಂದ ನುಣುಚಿಕೊಳ್ಳಲಿಲ್ಲ ಎಂಬುದಕ್ಕೆ, 1963ರ ಮಾರ್ಚ್ 1ರಂದು ಶಂಕರರಾವ್ ದೇವ್ ಅವರ ನೇತೃತ್ವದಲ್ಲಿ ದೆಹಲಿಯಿಂದ ಪೀಕಿಂಗ್ ಕಡೆಗೆ ಹೊರಟ ಮೈತ್ರಿಯಾತ್ರೆ ಸಾಕ್ಷಿ. ಚೀನಾ ಪ್ರವೇಶಕ್ಕೆ ಅನುಮತಿ ನೀಡದ ಕಾರಣ ಅದು ಗುರಿ ಮುಟ್ಟಲಿಲ್ಲ.

ನಾಲ್ಕು ಚಹಾ ಪೊಟ್ಟಣಗಳು

ಸೋವಿಯತ್ ನಾಡಿನ ದಾರಿಯಲ್ಲಿ ಚಹಾ ಕಾರ್ಖಾನೆಯೊಂದರ ಹೊರಗೆ ಇಬ್ಬರು ಮಹಿಳೆಯರ ಭೇಟಿಯಾಯಿತು. ಯಾತ್ರೆಯ ಉದ್ದೇಶವನ್ನು ಕೇಳಿ ತಿಳಿದ ಮೇಲೆ ಅವರಲ್ಲೊಬ್ಬರು ನಾಲ್ಕು ಚಹಾ ಪೊಟ್ಟಣಗಳನ್ನು ತಂದುಕೊಟ್ಟರು. ಇವು ನಿಮಗಲ್ಲ, ಮಾಸ್ಕೋ, ಪ್ಯಾರಿಸ್, ಲಂಡನ್, ವಾಷಿಂಗ್ಟನ್‌ಗಳ ನಾಯಕರಿಗೆ ಎಂದರು. ಅಣುಬಾಂಬಿನ ಗುಂಡಿಯನ್ನು ಒತ್ತಬೇಕೆಂಬ ಯೋಚನೆ ಬಂದಾಗ ಒಂದು ಕ್ಷಣ ತಡೆದು ಒಂದು ಲೋಟ ಬಿಸಿ ಚಹಾ ಕುಡಿಯಲಿ, ಅಷ್ಟರಲ್ಲಿ ಆ ಬಾಂಬು ಯಾರ ಮೇಲೆ ಬೀಳುವುದೆಂಬ ವಿವೇಕ ಮೂಡೀತು ಎಂಬುದು ಅವರ ಸಂದೇಶದ ತಾತ್ಪರ್ಯ.

ಅಲ್ಲಿಯವರೆಗೆ ಇಬ್ಬರು ಯುವಕರ ಸಂಕಲ್ಪವಾಗಿದ್ದ ಯಾತ್ರೆಯು ಇಲ್ಲಿಂದ ಮುಂದೆ ಒಬ್ಬ ಕಾರ್ಮಿಕ ಮಹಿಳೆ ವಹಿಸಿಕೊಟ್ಟ ಕೆಲಸವೂ ಆಯಿತು. ಪೊಟ್ಟಣಗಳನ್ನು ನಾಲ್ಕೂ ಸರ್ಕಾರಗಳಿಗೆ ತಲುಪಿಸಲಾಯಿತು. ಈ ಪ್ರಸಂಗವು 'ಶಾಂತಿಯ ಚಹಾ' ಎಂಬ ಹೆಸರಿನಲ್ಲಿ ಪ್ರಸಿದ್ಧವಾಗಿದೆ. ಆ ಚಹಾವನ್ನು ಯಾವ ನಾಯಕನಾದರೂ ಕುಡಿದನೇ ಎಂದು ಮಕ್ಕಳು ಕೇಳುವುದುಂಟು. ಕ್ಯೂಬಾ ಬಿಕ್ಕಟ್ಟನ್ನು ತಪ್ಪಿಸಿದ್ದು ಚಹಾ ಅಲ್ಲದಿದ್ದರೂ, ಆ ಹದಿಮೂರು ದಿನಗಳಲ್ಲಿ ಎರಡೂ ಕಡೆಯ ನಾಯಕರು ಅವಸರಪಡದೆ ತಡೆದುದೇ ಲೋಕವನ್ನು ಉಳಿಸಿತೆಂಬುದನ್ನು ಮಾತ್ರ ಅವರಿಗೆ ಹೇಳಬಹುದು.

ಪ್ಯಾರಿಸ್, ಲಂಡನ್, ವಾಷಿಂಗ್ಟನ್

ಮಾಸ್ಕೋದಿಂದ ಪೋಲೆಂಡ್, ಆಗ ಎರಡಾಗಿ ಒಡೆದಿದ್ದ ಜರ್ಮನಿ, ಬೆಲ್ಜಿಯಂಗಳ ಮೂಲಕ ಫ್ರಾನ್ಸ್ ತಲುಪಿದರು. ಸಹಾರಾ ಮರುಭೂಮಿಯಲ್ಲಿ ಅಣುಪರೀಕ್ಷೆ ನಡೆಸಿ ಹೆಚ್ಚು ಕಾಲವಾಗಿರದ ಫ್ರಾನ್ಸ್, ಇವರನ್ನು ಆದರದಿಂದ ಕಾಣಲಿಲ್ಲ. ಅಧ್ಯಕ್ಷ ದ ಗಾಲ್ ಅವರ ನಿವಾಸದ ಮುಂದೆ ಪ್ರದರ್ಶನ ನಡೆಸಿದ ಇಬ್ಬರನ್ನೂ ಪೊಲೀಸರು ಬಂಧಿಸಿ ಸೆರೆಯಲ್ಲಿಟ್ಟರು. ರಸೆಲ್ ಅವರ ಸೆರೆವಾಸದ ಸುದ್ದಿಯಿಂದ ಹೊರಟ ಯಾತ್ರೆ ಹೀಗೆ ತಾನೂ ಸೆರೆಮನೆಯನ್ನು ಕಂಡಿತು.

ಇಂಗ್ಲಿಷ್ ಕಡಲ್ಗಾಲುವೆಯನ್ನು ದೋಣಿಯಲ್ಲಿ ದಾಟಿ ಇಂಗ್ಲೆಂಡಿಗೆ ಬಂದ ಇವರು, ವೇಲ್ಸ್‌ನಲ್ಲಿ ವಾಸವಾಗಿದ್ದ ಬರ್ಟ್ರಂಡ್ ರಸೆಲ್ ಅವರನ್ನು ಕಂಡರು. ಅಟ್ಲಾಂಟಿಕ್ ಸಾಗರವನ್ನು ನಡೆದು ದಾಟುವಂತಿಲ್ಲ. 'ಕ್ವೀನ್ ಮೇರಿ' ಹಡಗಿನಲ್ಲಿ ನ್ಯೂಯಾರ್ಕ್‌ಗೆ ಹೋಗಲು ಟಿಕೆಟುಗಳು ದೊರೆತುದು ರಸೆಲ್ ಅವರ ನೆರವಿನಿಂದ.

1963ರ ನವೆಂಬರ್ 22ರಂದು ಅಮೆರಿಕದ ಅಧ್ಯಕ್ಷ ಜಾನ್ ಎಫ್. ಕೆನಡಿಯವರ ಹತ್ಯೆಯಾಯಿತು. ಯಾರನ್ನು ಕಾಣಲು ಹೊರಟಿದ್ದರೋ ಅವರೇ ಇಲ್ಲವಾದರು. ಕಡೆಗೆ ಆರ್ಲಿಂಗ್ಟನ್‌ನಲ್ಲಿರುವ ಕೆನಡಿ ಸಮಾಧಿಯ ಬಳಿ ಯಾತ್ರೆ ಮುಗಿಯಿತು. ಗುಂಡಿಗೆ ಬಲಿಯಾದ ಒಬ್ಬರ ಸಮಾಧಿಯಿಂದ ಹೊರಟು, ಗುಂಡಿಗೆ ಬಲಿಯಾದ ಇನ್ನೊಬ್ಬರ ಸಮಾಧಿಗೆ ಬಂದಂತಾಯಿತು. ಅಮೆರಿಕದಲ್ಲಿ ಅವರು ಮಾರ್ಟಿನ್ ಲೂಥರ್ ಕಿಂಗ್ ಅವರನ್ನೂ ಭೇಟಿಯಾದರು. ಹಿಂದಿರುಗುವ ದಾರಿಯಲ್ಲಿ ಜಪಾನಿಗೆ ಹೋಗಿ, ಟೋಕಿಯೋದಿಂದ ಹಿರೋಷಿಮಾವರೆಗೆ ನಡೆದರು. ಬಾಂಬನ್ನು ತಯಾರಿಸುವ ನಾಲ್ಕು ದೇಶಗಳನ್ನು ಕಂಡ ಮೇಲೆ ಬಾಂಬು ಬಿದ್ದ ಊರನ್ನು ಕಾಣದೆ ಯಾತ್ರೆ ಪೂರ್ಣವಾಗುತ್ತಿರಲಿಲ್ಲ.

ಹಣವಿಲ್ಲದ ಪ್ರಯಾಣದ ಲೆಕ್ಕ

ಯಾತ್ರಿಕರು ಹಣ ಮುಟ್ಟಲಿಲ್ಲ ಎಂದ ಮಾತ್ರಕ್ಕೆ ಖರ್ಚು ಆಗಲಿಲ್ಲವೆಂದು ಹೇಳಲಾಗದು. ಹಡಗಿನ ಟಿಕೆಟಿಗೆ ಯಾರೋ ಹಣ ತೆತ್ತರು. ಪ್ರತಿ ರಾತ್ರಿಯ ರೊಟ್ಟಿಗೆ ಯಾರದೋ ಮನೆಯ ಹಿಟ್ಟು ಖರ್ಚಾಯಿತು, ಆ ರೊಟ್ಟಿಯನ್ನು ಬೇಯಿಸಿದವರು ಬಹುತೇಕ ಆ ಮನೆಯ ಹೆಂಗಸರು. ಅವರ ಹೆಸರುಗಳು ಯಾವ ಪುಸ್ತಕದಲ್ಲಿಯೂ ಇಲ್ಲ. ಈ ಯಾತ್ರೆಯನ್ನು ಮೆಚ್ಚುವವರು ಈ ಲೆಕ್ಕವನ್ನೂ ಬರೆದಿಡುವುದು ನ್ಯಾಯ. ಇತ್ತೀಚಿನ ವರ್ಷಗಳಲ್ಲಿ ಶ್ರೀಮಂತ ದೇಶಗಳ ಯುವಕರು ಬಡ ದೇಶಗಳ ಬೀದಿಗಳಲ್ಲಿ ಪ್ರವಾಸದ ಖರ್ಚಿಗಾಗಿ ಹಣ ಬೇಡುವುದನ್ನು ಅನೇಕರು ಟೀಕಿಸಿದ್ದಾರೆ, ಆ ಟೀಕೆ ಸರಿಯಾದುದು. ಎರಡಕ್ಕೂ ವ್ಯತ್ಯಾಸವಿದೆ. ಇವರು ಹಣವನ್ನು ಬೇಡಲಿಲ್ಲ, ಕೊಟ್ಟರೂ ಮುಟ್ಟುವಂತಿರಲಿಲ್ಲ. ಉಳ್ಳವರ ದೇಶದಿಂದ ಇಲ್ಲದವರ ದೇಶಕ್ಕೆ ಹೋಗಲಿಲ್ಲ, ಹೋದುದು ಬಹುಮಟ್ಟಿಗೆ ಅದರ ವಿರುದ್ಧ ದಿಕ್ಕಿನಲ್ಲಿ. ಒಂದು ಮನೆಯಲ್ಲಿ ಒಂದು ರಾತ್ರಿಗಿಂತ ಹೆಚ್ಚು ಕಾಲ ಹೊರೆಯಾಗದಂತೆ ನಡಿಗೆಯೇ ನೋಡಿಕೊಳ್ಳುತ್ತಿತ್ತು.

ಇಂದು ಇಂಥ ಯಾತ್ರೆ ಸಾಧ್ಯವೇ ಎಂಬುದು ವಿದ್ಯಾರ್ಥಿಗಳು ಸಹಜವಾಗಿ ಕೇಳುವ ಪ್ರಶ್ನೆ. ದಾರಿ ಇದೆ, ಬಾಗಿಲುಗಳೂ ಇವೆ, ಆದರೆ ಅನುಮತಿ ದೊರೆಯುವುದು ಕಷ್ಟ. ಯುರೋಪಿನ ಶೆಂಗೆನ್ ವೀಸಾಕ್ಕೆ ಅರ್ಜಿ ಸಲ್ಲಿಸುವ ಭಾರತೀಯನು, ಅಲ್ಲಿರುವಷ್ಟು ದಿನಗಳ ಖರ್ಚಿಗೆ ಸಾಕಾಗುವ ಹಣ ತನ್ನಲ್ಲಿದೆ ಎಂಬುದಕ್ಕೆ ಬ್ಯಾಂಕಿನ ದಾಖಲೆ ಒದಗಿಸಬೇಕು. ಹಣವಿಲ್ಲ ಎಂಬುದೇ ಅವನನ್ನು ಹೊರಗಿಡಲು ಸಾಕಾದ ಕಾರಣ. 1960ರ ದಶಕದಲ್ಲಿ ವಿದೇಶಿ ವಿನಿಮಯದ ಅಭಾವದಿಂದಾಗಿ ಭಾರತ ಸರ್ಕಾರವೇ ಪ್ರಯಾಣಿಕರಿಗೆ ಅತ್ಯಲ್ಪ ಮೊತ್ತವನ್ನು ಮಾತ್ರ ಹೊರಗೆ ಒಯ್ಯಲು ಬಿಡುತ್ತಿತ್ತು. ವಿದೇಶಕ್ಕೆ ಹೋದ ಅಂದಿನ ಬಹುಪಾಲು ಭಾರತೀಯರು ಒಂದರ್ಥದಲ್ಲಿ ಬರಿಗೈಯವರೇ. ಇದೇ ನೆಲದ ದಾರಿಯಲ್ಲಿ, ವಿರುದ್ಧ ದಿಕ್ಕಿನಿಂದ, ಮುಂದಿನ ಹದಿನೈದು ವರ್ಷ ಯುರೋಪಿನ ಅಸಂಖ್ಯ ತರುಣರು ಅಗ್ಗದ ಬಸ್ಸುಗಳಲ್ಲಿ ಭಾರತಕ್ಕೆ ಬಂದರು. 1979ರಲ್ಲಿ ಇರಾನಿನ ಕ್ರಾಂತಿ ಮತ್ತು ಅಫ್ಘಾನಿಸ್ತಾನದ ಮೇಲಿನ ಸೋವಿಯತ್ ಆಕ್ರಮಣಗಳಿಂದ ಆ ದಾರಿ ಮುಚ್ಚಿಹೋಯಿತು. ಲಾಹೋರಿಗೆ ನಡೆದು ಹೋಗುವುದಂತೂ ಈಗ ಕನಸಿನ ಮಾತು.

ನಂತರದ ಬದುಕು

ಮೆನನ್ ಭಾರತಕ್ಕೆ ಮರಳಿ ಬೆಂಗಳೂರಿನಲ್ಲಿ ನೆಲೆಸಿ, ಶಾಂತಿ ಮತ್ತು ಶಿಕ್ಷಣದ ಕೆಲಸದಲ್ಲಿ ತೊಡಗಿದರು. ಯಾತ್ರೆಯ ಅನುಭವಗಳನ್ನು ಅವರು 'ಫುಟ್‌ಪ್ರಿಂಟ್ಸ್ ಆನ್ ಫ್ರೆಂಡ್ಲಿ ರೋಡ್ಸ್' ಎಂಬ ಇಂಗ್ಲಿಷ್ ಪುಸ್ತಕದಲ್ಲಿ ದಾಖಲಿಸಿದ್ದಾರೆ. ಸತೀಶ್ ಕುಮಾರ್ ಅವರ ಆತ್ಮಕಥೆ 'ನೋ ಡೆಸ್ಟಿನೇಷನ್' 1978ರಲ್ಲಿ ಪ್ರಕಟವಾಯಿತು. ಒಂದೇ ದಾರಿಯನ್ನು ನಡೆದ ಇಬ್ಬರ ಎರಡು ಪುಸ್ತಕಗಳಿರುವುದು ಆಸಕ್ತರಿಗೆ ಅನುಕೂಲ. ಎರಡನ್ನೂ ಜೊತೆಯಲ್ಲಿಟ್ಟು ಓದುವುದು ಒಳ್ಳೆಯದು.

1973ರಲ್ಲಿ ಇಂಗ್ಲೆಂಡಿನಲ್ಲಿ ನೆಲೆಸಿದ ಸತೀಶ್ ಕುಮಾರ್, ಪರಿಸರ ಮತ್ತು ಅಹಿಂಸೆಯ ವಿಚಾರಗಳಿಗೆ ಮೀಸಲಾದ 'ರಿಸರ್ಜೆನ್ಸ್' ಪತ್ರಿಕೆಯ ಸಂಪಾದಕತ್ವವನ್ನು ವಹಿಸಿಕೊಂಡು ನಾಲ್ಕು ದಶಕಗಳಿಗೂ ಹೆಚ್ಚು ಕಾಲ ಅದನ್ನು ನಡೆಸಿದರು. ಡೆವನ್ ಪ್ರಾಂತ್ಯದ ಹಾರ್ಟ್‌ಲ್ಯಾಂಡ್ ಎಂಬಲ್ಲಿ 1982ರಲ್ಲಿ 'ಸ್ಮಾಲ್ ಸ್ಕೂಲ್' ಎಂಬ ಚಿಕ್ಕ ಪ್ರೌಢಶಾಲೆಯನ್ನು ಆರಂಭಿಸಿದರು. ಊರಿನ ಮಕ್ಕಳು ಓದಿಗಾಗಿ ದೂರದ ಪಟ್ಟಣಕ್ಕೆ ಬಸ್ಸಿನಲ್ಲಿ ಹೋಗಬೇಕಾಗಿದ್ದುದು ಅದಕ್ಕೆ ಕಾರಣ. ಮಕ್ಕಳು ಪಾಠದ ಜೊತೆಗೆ ಅಡುಗೆ, ತೋಟಗಾರಿಕೆಗಳನ್ನೂ ಕಲಿಯುತ್ತಿದ್ದ ಈ ಶಾಲೆ ಗಾಂಧೀಜಿಯವರ ಮೂಲಶಿಕ್ಷಣವನ್ನು ನೆನಪಿಸುತ್ತದೆ. 1991ರಲ್ಲಿ ಡಾರ್ಟಿಂಗ್ಟನ್‌ನಲ್ಲಿ ಆರಂಭವಾದ ಶೂಮಾಕರ್ ಕಾಲೇಜಿನ ಸ್ಥಾಪಕರಲ್ಲಿ ಅವರೂ ಒಬ್ಬರು. 'ಸ್ಮಾಲ್ ಈಸ್ ಬ್ಯೂಟಿಫುಲ್' ಗ್ರಂಥದ ಕರ್ತೃ, ಅರ್ಥಶಾಸ್ತ್ರಜ್ಞ ಇ. ಎಫ್. ಶೂಮಾಕರ್ ಅವರ ಹೆಸರನ್ನು ಅದಕ್ಕೆ ಇಡಲಾಗಿದೆ.

ಐವತ್ತನೆಯ ವಯಸ್ಸಿನಲ್ಲಿ ಅವರು ಮತ್ತೊಮ್ಮೆ ಕಿಸೆ ಖಾಲಿ ಮಾಡಿಕೊಂಡು ಮನೆಯಿಂದ ಹೊರಟರು. ಈ ಬಾರಿ ಬ್ರಿಟನ್ನಿನ ಪುಣ್ಯಕ್ಷೇತ್ರಗಳಾದ ಗ್ಲಾಸ್ಟನ್‌ಬರಿ, ಕ್ಯಾಂಟರ್‌ಬರಿ, ಲಿಂಡಿಸ್‌ಫಾರ್ನ್‌ಗಳ ಮೂಲಕ ಸ್ಕಾಟ್ಲೆಂಡಿನ ಅಯೋನಾ ದ್ವೀಪದವರೆಗೆ ಹೋಗಿ ಮರಳುವ ಸುಮಾರು 2,000 ಮೈಲಿಗಳ ನಡಿಗೆ. ಬೆಂಗಳೂರಿನ ಕಾಫಿ ಹೋಟೆಲಿನಿಂದ ಅಷ್ಟು ಹೊತ್ತಿಗೆ ಕಾಲು ಶತಮಾನ ಕಳೆದಿತ್ತು. ಸಂಜೆಯಾದರೆ ಯಾರದೋ ಮನೆಯ ಬಾಗಿಲು ತಟ್ಟುವ ಕ್ರಮ ಮಾತ್ರ ಬದಲಾಗಿರಲಿಲ್ಲ.